ಸಾತೇರಿಯ ಪ್ರಶ್ನೆ ಹೊತ್ತು ಇಂಗ್ಲೆಂಡಿಗೆ

ಮಾಲವಾಡಾ

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ರಾಣಿಯ ಅರಮನೆ, ಕೆಂಪು ಬಸ್ಸು ಎಂದು ಬರೆಯುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ನೋಡಿದ್ದು ಟರ್ಬೈನು ತಯಾರಿಸುವ ಒಂದು ಕಾರ್ಖಾನೆ, ಗುಡ್ಡದ ಮೇಲಿನ ಒಂದು ಚರ್ಚು (ನಮ್ಮ ಕಡೆ ಇಗರ್ಜಿ ಎನ್ನುತ್ತೇವೆ), ಆಮೇಲೆ ಬತ್ತಿದ ಒಂದು ಜಲಾಶಯ. ಅಷ್ಟಕ್ಕೇ ಸಾಕುಸಾಕಾಗಿ ಹೋಯಿತು.

ನಾನು ದೇವು ವೇಳೀಪ, ಅಂಬಿಕಾನಗರದ ವಿದ್ಯುದಾಗಾರದಲ್ಲಿ ಫೋರ್‌ಮನ್. ಹುಟ್ಟಿದ್ದು ಜೋಯಿಡಾ ಕಡೆಯ ಮಾಲವಾಡಾದಲ್ಲಿ. ಸೂಪಾದಲ್ಲಿ ಕಾಳಿ ನದಿಗೆ ಕಟ್ಟುತ್ತಿದ್ದ ಅಣೆಕಟ್ಟಿನ ಹಿಂದೆ ಮುಳುಗಲಿದ್ದ ಊರುಗಳಲ್ಲಿ ನಮ್ಮದೂ ಒಂದು. ಆ ಅಣೆಕಟ್ಟಿನ ಬುಡದಲ್ಲಿ ಕೂರಿಸುವ ಯಂತ್ರಗಳ ಕೆಲಸ ಕಲಿತು ಬರಲು ಕಳಿಸಿದ್ದು ನನ್ನನ್ನೇ. ಊರವರು ಸುಮ್ಮನಿದ್ದಾರೆಯೇ? "ಕೊಡಲಿ ಕಾವು ಕುಲಕ್ಕೆ ಮೃತ್ಯು" ಎಂದು ನನ್ನ ಎದುರಿಗೇ ಅಂದರು. ಕೇಳಿ ಮೈ ಉರಿಯಿತು. ಆದರೆ ಸುಳ್ಳು ಎನ್ನುವ ಹಾಗಿರಲಿಲ್ಲ.

ಊರ ನಡುವೆ ಸಾತೇರಿಯ ಗುಡಿ ಇತ್ತು. ಕಲ್ಲಿನ ಜಗಲಿ, ಜಂಬಿಟ್ಟಿಗೆಯ ಗೋಡೆ, ಕೆತ್ತನೆಯ ಸಾಗವಾನಿ ಕಂಬಗಳು, ಮೇಲೆ ನಾಡಹೆಂಚು. ಅಂಗಳದಲ್ಲಿ ವೀರಗಲ್ಲುಗಳು. ಅನಮೋಡ ಘಟ್ಟ ಹತ್ತಿ ಉಪ್ಪು ಹೇರಿಕೊಂಡು ಬರುತ್ತಿದ್ದ ಎತ್ತುಗಳ ಹಿಂಡು ಹಿಂದೆಲ್ಲ ಆ ಅಂಗಳದಲ್ಲೇ ತಂಗುತ್ತಿತ್ತಂತೆ. ಗರ್ಭಗುಡಿಯಲ್ಲಿ ಮೂರ್ತಿ ಇಲ್ಲ. ಆಳೆತ್ತರದ ಹುತ್ತವೇ ಸಾತೇರಿ. ಅದಕ್ಕೆ ಹಿತ್ತಾಳೆಯ ಮುಖವಾಡ ಇಟ್ಟು ಪೂಜೆ ಮಾಡುತ್ತಾರೆ. ಗುಡಿ ಕಟ್ಟಿ ದೇವಿಯನ್ನು ತಂದು ಕೂರಿಸಿದ್ದಲ್ಲ. ಹುತ್ತ ತಾನಾಗಿ ಎದ್ದಿತು, ಜನ ಅದರ ಸುತ್ತ ಗುಡಿ ಕಟ್ಟಿದರು.

ಊರಿನ ಕೆಲವರು ಸೇರಿ ಗುಡಿ ಉಳಿಸುವ ಸಂಘ ಮಾಡಿದ್ದರು. ಅದರ ಅಧ್ಯಕ್ಷರು ನನ್ನ ಸೋದರಮಾವ ಬುಧೋ ಮಾಮಾ. ಸಾತೇರಿಯ ಪೂಜೆಯೂ ಅವರದೇ. ಗುಡಿಯನ್ನು ಬಿಚ್ಚಿ, ಸರಕಾರ ಜಾಗ ಕೊಟ್ಟ ಹೊಸ ಕಾಲೊನಿಯಲ್ಲಿ ಇದ್ದ ಹಾಗೇ ಕಟ್ಟಬೇಕು, ಪಕ್ಕದಲ್ಲಿ ಒಂದು ಕೋಣೆ ಮಾಡಿ ವೀರಗಲ್ಲು ನಿಲ್ಲಿಸಬೇಕು, ಮುಳುಗಿದ ಊರಿನ ಕಥೆಯನ್ನು ಮುಂದಿನವರಿಗೆ ಹೇಳಬೇಕು ಎಂಬುದು ಸಂಘದ ಆಸೆ. ಕಲ್ಲು, ಕಂಬ, ಹೆಂಚು ಎಲ್ಲ ಲಾರಿಗೆ ಹತ್ತುತ್ತವೆ. ಹುತ್ತವನ್ನು ಹೇಗೆ ಹತ್ತಿಸುವುದು?

ಇಂಥದ್ದನ್ನು ನಮ್ಮಲ್ಲಿ ಮನುಷ್ಯರು ತೀರ್ಮಾನಿಸುವುದಿಲ್ಲ, ಕೌಲು ಕೇಳುತ್ತಾರೆ. ದೇವಿಯ ಮುಖದ ಎಡಕ್ಕೂ ಬಲಕ್ಕೂ ಹೂವಿನ ಎಸಳನ್ನು ನೀರು ಹಚ್ಚಿ ಅಂಟಿಸಿ, ಪ್ರಶ್ನೆ ಹೇಳಿ, ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಬೇಡ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಮಾಮಾ ಹಳಿಯಾಳದ ಸಂತೆಯಲ್ಲಿ ಆಡುವ ಕನ್ನಡದಲ್ಲೇ ಅವರ ಮಾತನ್ನು ಇಲ್ಲಿ ಬರೆಯುತ್ತೇನೆ.

"ತಾಯೀ, ನಿನ್ನ ಮನೀ ಬಿಚ್ಚಿ ಒಯ್ಯೂಣೇನು?" ಎಂದು ಮಾಮಾ ಕೇಳಿದರು. ಬಲಗಡೆಯ ಎಸಳು ತಟ್ಟನೆ ಬಿತ್ತು. ಹೆಂಗಸರು ಕಣ್ಣೊರೆಸಿಕೊಂಡರು. ಹೊಸ ಎಸಳು ಅಂಟಿಸಿ ಮತ್ತೆ ಕೇಳಿದರು: "ಮನೀ ಸಂಗಾಟ ನೀನೂ ಬರ್ತೀಯೇನು?"

ಯಾವ ಎಸಳೂ ಬೀಳಲಿಲ್ಲ. ಊಟ ಬಿಟ್ಟು ಕಾದೆವು. ಎಣ್ಣೆ ಮುಗಿದ ದೀಪಕ್ಕೆ ಎಣ್ಣೆ ಹಾಕಿ ಕಾದೆವು. ಎರಡೂ ಎಸಳು ಅಂಟಿದ ಜಾಗದಲ್ಲೇ ಒಣಗಿದವು.

ನಾನು ಹೊರಡುವ ಮುಂಚೆ ಮಾಮಾ ನನ್ನನ್ನು ಕರೆದು ಜಗಲಿಯ ಮೇಲೆ ಕೂರಿಸಿಕೊಂಡರು. ನಾನು ಹೋಗಲಿದ್ದ ಊರಿನ ಹತ್ತಿರ ಅಣೆಕಟ್ಟಿಗಾಗಿ ಸ್ಥಳ ಬದಲಿಸಿದ ಒಂದು ಇಗರ್ಜಿ ಇದೆ ಎಂದು ಹಿಂದಿನ ತಂಡದಲ್ಲಿ ಹೋಗಿ ಬಂದವರು ಹೇಳಿದ್ದರು. ಅದು ಮಾಮಾನ ಕಿವಿಗೆ ಬಿದ್ದಿತ್ತು.

"ದೇವೂ, ಕಲ್ಲ ಹೆಂಗ ಒಯ್ದ್ರು ಅನ್ನೂದ ನೋಡ್ಕೊಂಡ ಬಾ. ಅದು ನಿನಗ ತಿಳೀತೈತಿ. ಆದ್ರ ಇನ್ನೊಂದ ಕೇಳ್ಕೊಂಡ ಬಾ. ಅವರ ದೇವ್ರ ಸಂಗಾಟ ಬಂದ್ನಾ?"

"ಮಾಮಾ, ಇಂಥಾದ್ದನ್ನ ಯಾರಿಗೆ ಅಂತ ಕೇಳ್ಲಿ? ನಗ್ತಾರ ಅವರು."

"ನಗಲಿ. ನಕ್ಕ ಮ್ಯಾಲ ಹೇಳ್ತಾರಲ್ಲ."

ವಿಮಾನ ನಿಲ್ದಾಣದ ಮೇಜು

ನನ್ನ ಜೊತೆ ಬಂದವನು ತೇರಗಾಂವದ ಪಾಟೀಲ. ನಮ್ಮ ವಿದ್ಯುದಾಗಾರದಲ್ಲೇ ಕೆಲಸ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಮನೆಯಿಂದ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದ. ನನ್ನ ಪೆಟ್ಟಿಗೆಯಲ್ಲಿ ಮಾಮಾ ಕೊಟ್ಟ ಪ್ರಸಾದ ಇತ್ತು. ಸಾತೇರಿಯ ಪ್ರಸಾದವೆಂದರೆ ಹುತ್ತದ ಮಣ್ಣು.

ಇಂಗ್ಲೆಂಡಿನ ಕಸ್ಟಮ್ಸ್ ಅಧಿಕಾರಿ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ ಬಿಟ್ಟುಕೊಟ್ಟ. ಮಣ್ಣಿನ ಪೊಟ್ಟಣ ಬಿಚ್ಚಿದವನೇ ಮುಖ ಗಂಟಿಕ್ಕಿದ. ಏನಿದು ಎಂದ. ದೇವರು ಎಂದೆ. ಇನ್ನೊಬ್ಬನನ್ನು ಕರೆದ. ಇಬ್ಬರೂ ಮೂಸಿದರು. ಹೊರಗಿನ ಮಣ್ಣಿನಲ್ಲಿ ಹುಳು ಇರುತ್ತದೆ, ದೇಶದೊಳಗೆ ಬಿಡುವಂತಿಲ್ಲ ಎಂದರು. ಹುಳು ಇದ್ದೇ ಇರುತ್ತದೆ, ಹುಳುವೇ ಕಟ್ಟಿದ್ದು ಎಂದು ಹೇಳಲು ಹೋದೆ. ಅವನು ಕೇಳಿಸಿಕೊಳ್ಳಲಿಲ್ಲ. ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿ, ಬಹಳ ವಿನಯದಿಂದ "ಥ್ಯಾಂಕ್ಯೂ ಸರ್" ಎಂದ.

ಪಾಟೀಲ ಸುಮ್ಮನಿರುವ ಆಸಾಮಿಯಲ್ಲ. "ಅಲ್ಲೋ ಮಾರಾಯಾ, ನಮ್ಮ ಹಳ್ಳಿಗೆ ಹಳ್ಳಿನ ನೀರಾಗ ಹೊಂಟಾವು, ನಿನಗ ಒಂದ ಮುಷ್ಟಿ ಮಣ್ಣ ಭಾರ ಆತೇನು?" ಎಂದು ಕನ್ನಡದಲ್ಲೇ ಗದರಿದ. ಅಧಿಕಾರಿ ಅವನಿಗೂ ಥ್ಯಾಂಕ್ಯೂ ಎಂದ.

ಕಾರ್ಖಾನೆಯ ಊರು

ಆ ಊರಿನ ಹೆಸರು ಬರೆಯುವುದಿಲ್ಲ. ಉತ್ತರದ ಕಡೆಯ ಒಂದು ಮಸಿ ಹಿಡಿದ ಊರು. ದಾಂಡೇಲಿಯಲ್ಲಿ ಕಾಗದದ ಗಿರಣಿಯ ವಾಸನೆ ಮೂಗಿಗೆ ಅಂಟಿಕೊಂಡಿರುವಂತೆ ಅಲ್ಲಿ ಕಲ್ಲಿದ್ದಲ ಹೊಗೆ ಅಂಟಿಕೊಂಡಿತ್ತು. ಅಷ್ಟರಮಟ್ಟಿಗೆ ಮನೆ ಬಿಟ್ಟು ಬಂದ ಹಾಗೆ ಅನಿಸಲಿಲ್ಲ.

ಜನ ಕೆಟ್ಟವರಲ್ಲ, ಆದರೆ ಮಾತಿಗೆ ಬರಗಾಲ. ನಮ್ಮ ಬಸ್ಸಿನಲ್ಲಿ ಹಳಿಯಾಳದಿಂದ ದಾಂಡೇಲಿ ಮುಟ್ಟುವುದರೊಳಗೆ ಪಕ್ಕದವನ ಮಗಳ ಲಗ್ನ ಎಲ್ಲಿಗೆ ಬಂತು ಎಂಬುದು ಗೊತ್ತಾಗಿರುತ್ತದೆ. ಅಲ್ಲಿ ದಿನಾ ಅದೇ ಬಸ್ಸಿನಲ್ಲಿ ಅದೇ ಸೀಟಿನಲ್ಲಿ ಕೂರುವವರು ಒಬ್ಬರಿಗೊಬ್ಬರು "ಮಳೆ ಬರುವ ಹಾಗಿಲ್ಲ" ಎನ್ನುತ್ತಾರೆ, ಮುಗಿಯಿತು. ಆ ವರ್ಷ ಅದೂ ನಿಜವಾಗಿತ್ತು. ಚಳಿಗಾಲದಿಂದ ಮಳೆ ಬಿದ್ದಿರಲಿಲ್ಲ. ಬಚ್ಚಲಲ್ಲಿ ನೀರು ಕಡಿಮೆ ಬಳಸಿರಿ ಎಂದು ಮನೆಯೊಡತಿ ಬಾಗಿಲಿಗೆ ಚೀಟಿ ಅಂಟಿಸಿದ್ದಳು. ಚೊಂಬು ಹಿಡಿದು ಹೋಗುವ ನಮ್ಮ ಅಭ್ಯಾಸ ಅವಳಿಗೆ ಗೊತ್ತಾಗಿರಬೇಕು ಎಂದು ಪಾಟೀಲ ನಾಚಿಕೊಂಡ.

ಕಾರ್ಖಾನೆಯಲ್ಲಿ ನಮಗೆ ಕಲಿಸುತ್ತಿದ್ದವನು ಒಳ್ಳೆಯವನು. ನೀರು ಎಷ್ಟು ಎತ್ತರದಿಂದ ಬಿದ್ದರೆ ಯಂತ್ರ ಎಷ್ಟು ತಿರುಗುತ್ತದೆ ಎಂದು ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದ. ಜಲಾಶಯಕ್ಕೆ ನೀಲಿ ಬಣ್ಣದ ಸೀಮೆಸುಣ್ಣ. ಅವನು ಆ ನೀಲಿಯನ್ನು ತುಂಬುತ್ತ ಹೋಗುತ್ತಿದ್ದ. ನಮ್ಮ ಮನೆ ಎಲ್ಲಿಗೆ ಬರುತ್ತದೆ, ಗದ್ದೆ ಎಲ್ಲಿಗೆ, ಗುಡಿ ಎಲ್ಲಿಗೆ ಎಂದು ಮನಸ್ಸಿನಲ್ಲೇ ಗುರುತು ಹಾಕುತ್ತಿದ್ದೆ.

ಇಗರ್ಜಿ ನೋಡಲು ಹೋಗುವುದನ್ನು ನಾನು ಮುಂದೂಡುತ್ತಲೇ ಇದ್ದೆ. ಏನು ಕೇಳಿಸಿಕೊಳ್ಳಬೇಕಾಗುತ್ತದೋ ಎಂಬ ಹೆದರಿಕೆ. ಕಡೆಗೆ ಪಾಟೀಲನೇ ಎಬ್ಬಿಸಿದ. "ಏಳ್ರಿ ವೇಳೀಪರ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಹೋಗೂಣು ನಡೀರಿ."

ಗುಡ್ಡದ ಮೇಲಿನ ಇಗರ್ಜಿ

ಬಾಗಿಲು ತೆಗೆದವರು ಎಡಿತ್ ಎಂಬ ಮುದುಕಿ. ತೆಳ್ಳಗಿನ ಮೈ, ಮೊಣಕಾಲ ತನಕ ರಬ್ಬರು ಬೂಟು, ಕೈಯಲ್ಲಿ ಪೊರಕೆ. ಪಾಟೀಲ ಆ ಕ್ಷಣದಿಂದಲೇ ಅವರನ್ನು ಎಡಿತ್‌ಬಾಯಿ ಮಾಡಿಬಿಟ್ಟ. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಕೇಳಿ ಕೇಳಿ ಬಿಡಿಸಿಕೊಂಡೆ.

ಕಣಿವೆಯಲ್ಲಿದ್ದ ಅವರ ಊರು ಪಟ್ಟಣಕ್ಕೆ ಕುಡಿಯುವ ನೀರು ಕೊಡಲೆಂದು ಮುಳುಗಿತ್ತು. ಆಗ ಎಡಿತ್‌ಬಾಯಿ ಹೊಸದಾಗಿ ಮದುವೆಯಾದವರು. ಊರವರು ಸಂಘ ಕಟ್ಟಿ ಇಗರ್ಜಿಯನ್ನು ಬಿಚ್ಚಿ ಮೇಲೆ ತಂದರು. ಒಂದೊಂದು ಕಲ್ಲಿಗೂ ಬಣ್ಣದಲ್ಲಿ ನಂಬರು ಬರೆದು, ಅದೇ ಸಾಲಿಗೆ ಅದೇ ಕಲ್ಲು ಕೂರಿಸಿದ್ದರು. ಕೆಲಸವನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಸಂದಿಗೆ ಸಂದು ಕೂತಿತ್ತು. ಎಲ್ಲೋ ಒಂದು ಕಲ್ಲು ಹಿಂದುಮುಂದಾಗಿ, ನಂಬರು ಹೊರಗೆ ಕಾಣುತ್ತಿತ್ತು. ಎಡಿತ್‌ಬಾಯಿ ಅದನ್ನೂ ತೋರಿಸಿ, "ಕಲ್ಲು ಕೂರಿಸಿದ ಗವಂಡಿ ಕುಡಿದಿದ್ದ" ಎಂದರು.

ಒಳಗೆ ಗೋಡೆಯ ತುಂಬ ಹಳೆಯ ಊರಿನ ಫೋಟೋಗಳು. ಬೆಂಚುಗಳು ಪಳಪಳ ಹೊಳೆಯುತ್ತಿದ್ದವು. ಬಲಿಪೀಠದ ಪಕ್ಕದಲ್ಲಿ ಚಹದ ಮೇಜು, ಸಂಘದ ಹೆಂಗಸರು ಮಾಡಿದ ಜಾಮು, ಕೇಕು. ನೋಡಲು ಬಂದವರು ಫೋಟೋದ ಮುಂದೆ ನಿಂತು ಅಯ್ಯೋ ಎನ್ನುತ್ತಾರೆ, ಕೇಕು ತಿನ್ನುತ್ತಾರೆ, ಪಾಯಿಖಾನೆ ಎಲ್ಲಿ ಎಂದು ಕೇಳಿ ಹೊರಟುಹೋಗುತ್ತಾರೆ. ಸಂಘದವರೆಲ್ಲ ಹಣ್ಣು ಹಣ್ಣು ಮುದುಕರು.

"ಪ್ರಾರ್ಥನೆ ಯಾವಾಗ?" ಎಂದು ಕೇಳಿದೆ.

"ಪ್ರಾರ್ಥನೆ ಇಲ್ಲ. ಪಾದ್ರಿ ಬರುವುದು ನಿಂತು ಬಹಳ ಕಾಲವಾಯಿತು."

"ಯಾಕೆ?"

"ಯಾರಿಗಾಗಿ ಬರುತ್ತಾನೆ? ಮೊದಲ ಭಾನುವಾರ ಎಲ್ಲರೂ ಬಂದೆವು. ಬೆಂಚು ಅದೇ, ಕಿಟಕಿ ಅದೇ. ಆದರೆ ಬೆಳಕು ಬೇರೆ ಕಡೆಯಿಂದ ಬರುತ್ತಿತ್ತು. ರಸ್ತೆಗೆ ಮುಖ ಮಾಡಿ ಕಟ್ಟಿದ್ದರು. ನನ್ನತ್ತೆ ತಮ್ಮ ಜಾಗ ಎಲ್ಲಿ ಎಂದು ತಿಳಿಯದೆ ನಿಂತೇ ಇದ್ದರು. ಆಮೇಲೆ ಒಬ್ಬೊಬ್ಬರೇ ಕೆಲಸ ಹುಡುಕಿಕೊಂಡು ಹೋದರು. ನಾವು ಕಲ್ಲುಗಳನ್ನು ಒಟ್ಟಿಗೆ ತಂದೆವು. ಜನರನ್ನು ತರಲಿಲ್ಲ."

ನಮ್ಮ ಮಾಲವಾಡಾವೂ ಆಗಲೇ ಒಡೆದು ಹಂಚಿಹೋಗಿತ್ತು. ಕೆಲವರು ಹೊಸ ಕಾಲೊನಿಗೆ, ಕೆಲವರು ಹಳಿಯಾಳದ ನೆಂಟರ ಮನೆಗೆ, ಕೆಲವರು ದಾಂಡೇಲಿಯ ಗಿರಣಿಗೆ ಬಿದಿರು ಹೇರುವ ಕೂಲಿಗೆ. ಒಂದು ಮನೆಯವರು ಮುಂಡಗೋಡದ ಕಡೆ ಹೋದರು ಎಂದು ಕೇಳಿದ್ದೇ, ಮತ್ತೆ ಸುದ್ದಿ ಇಲ್ಲ. ಇದನ್ನು ಎಡಿತ್‌ಬಾಯಿಗೆ ಹೇಳಿದೆ. ನಾನು ಆ ಅಣೆಕಟ್ಟಿನ ಯಂತ್ರ ಕಲಿಯಲು ಬಂದವನು ಎಂಬುದನ್ನೂ ಹೇಳಿದೆ. ಅವರು ಪೊರಕೆಯನ್ನು ಮೂಲೆಗಿಟ್ಟು, ಬನ್ನಿ ಎಂದರು.

ಬತ್ತಿದ ಜಲಾಶಯ

ಗುಡ್ಡದ ಆಚೆ ಬದಿಗೆ ಜಲಾಶಯ. ಮಳೆಯಿಲ್ಲದ್ದಕ್ಕೆ ನೀರು ತಳ ಮುಟ್ಟಿತ್ತು. ಕೆಸರಿನ ನಡುವೆ ಹಳೆಯ ಊರು ಎದ್ದು ಕೂತಿತ್ತು. ಮೊಣಕಾಲೆತ್ತರದ ಗೋಡೆಗಳು, ಒಂದು ಸೇತುವೆ, ಕಪ್ಪಾಗಿ ನಿಂತ ಮರದ ಬುಡಗಳು. ದಂಡೆಯ ಮೇಲೆ ಕಾರುಗಳ ಸಾಲು. ಐಸ್‌ಕ್ರೀಮಿನ ಗಾಡಿಯೂ ಬಂದಿತ್ತು. ಮುಳುಗಿದ ಊರನ್ನು ನೋಡಲು ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು.

ಇಗರ್ಜಿ ಮೊದಲು ಇದ್ದ ಜಾಗವನ್ನು ಎಡಿತ್‌ಬಾಯಿ ತೋರಿಸಿದರು. ಅಡಿಪಾಯದ ಗೆರೆ ಮಾತ್ರ ಉಳಿದಿತ್ತು. ಹೊಸ್ತಿಲ ಹತ್ತಿರ ಹೋದಾಗ ನನ್ನ ಕಾಲು ತಾನಾಗಿ ನಿಂತಿತು. ಬೂಟು ಬಿಚ್ಚಿ ಬದಿಗಿಟ್ಟು ಬರಿಗಾಲಲ್ಲಿ ಒಳಗೆ ಹೋದೆ. ದೇವರ ಮನೆಗೆ ಇನ್ನು ಹೇಗೆ ಹೋಗುವುದು? ಎಡಿತ್‌ಬಾಯಿ, "ಗಾಜಿನ ಚೂರು ಇರುತ್ತವೆ, ಹುಷಾರು" ಎಂದರು, ಅಷ್ಟೇ. ತಿರುಗಿ ಬರುವಷ್ಟರಲ್ಲಿ ಒಂದು ಬೂಟು ಕೆಸರಿನಲ್ಲಿ ಹೂತುಹೋಗಿತ್ತು. ಪಾಟೀಲ ಮೊಣಕೈ ತನಕ ಕೈ ಹಾಕಿ ತಡಕಾಡಿದ. ಸಿಗಲಿಲ್ಲ.

ಅಷ್ಟರಲ್ಲಿ ಒಬ್ಬ ಗಂಡಸು ಅಡಿಪಾಯದಿಂದ ಕೆತ್ತಿದ ಕಲ್ಲೊಂದನ್ನು ಕಿತ್ತು ಕಾರಿನತ್ತ ಹೊರಟಿದ್ದು ಕಂಡಿತು. ಮನೆಯ ತೋಟದಲ್ಲಿ ಇಡುವುದಕ್ಕಂತೆ. ಎಡಿತ್‌ಬಾಯಿ ಮೆಲ್ಲನೆ, ದಯವಿಟ್ಟು ಹಾಗೆ ಮಾಡಬೇಡಿ ಎಂದರು. ಅವನು ನಕ್ಕು, ಹೇಗೂ ಮತ್ತೆ ಮುಳುಗುವುದೇ ತಾನೇ ಎಂದ. ನನಗೆ ಎಲ್ಲಿತ್ತೋ ಸಿಟ್ಟು. ಒಂಟಿ ಬೂಟಿನಲ್ಲೇ ಅಡ್ಡ ಹೋಗಿ ನಿಂತು, "ಇಡೋ ಕೆಳಗ! ನಿಮ್ಮಪ್ಪನ ಮನೀ ಕಲ್ಲೇನು ಅದು?" ಎಂದು ಕೂಗಾಡಿದೆ. ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಕಲ್ಲನ್ನು ಅಲ್ಲೇ ಎಸೆದು ಹೋದ. ಅದು ಎರಡು ಹೋಳಾಯಿತು.

ಎಡಿತ್‌ಬಾಯಿ ಹೋಳುಗಳನ್ನು ತಂದು ಮೊದಲಿದ್ದ ಜಾಗಕ್ಕೆ ಜೋಡಿಸಿಟ್ಟರು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಕೇಳುವುದಾದರೆ ಆಗಲೇ ಕೇಳಬೇಕಿತ್ತು.

"ನಮ್ಮ ಮಾಮಾ ಒಂದು ಮಾತು ಕೇಳಿಕೊಂಡು ಬಾ ಎಂದಿದ್ದಾರೆ. ನೀವು ಇಗರ್ಜಿಯನ್ನು ಮೇಲಕ್ಕೆ ಒಯ್ದಿರಿ. ನಿಮ್ಮ ದೇವರು ಜೊತೆಗೆ ಬಂದನೇ?"

ಪಾಟೀಲ ನನ್ನ ತೋಳು ಜಗ್ಗಿದ. ಎಡಿತ್‌ಬಾಯಿ ನಗಲಿಲ್ಲ.

"ದಿನಾ ಬಾಗಿಲು ತೆಗೆಯುವವಳು ನಾನೇ. ಗುಡಿಸುತ್ತೇನೆ, ಬೆಂಚು ಒರೆಸುತ್ತೇನೆ. ಅಲ್ಲಿ ಅವನನ್ನು ಒಂದು ಸಲವೂ ಕಂಡಿಲ್ಲ. ಇಲ್ಲೇ ಉಳಿದುಬಿಟ್ಟನೋ ಏನೋ ಎಂದುಕೊಂಡಿದ್ದೆ. ನೀರು ಇಳಿದ ಮೇಲೆ ಬಂದು ನೋಡಿದೆ." ಸುತ್ತಲಿನ ಕೆಸರನ್ನು ನೋಡಿದರು. "ಇಲ್ಲೂ ಇಲ್ಲ."

ತಿರುಗಿ ಬಸ್ಸು ಹತ್ತಿದೆವು. ನಾನು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಕೆಸರು ಮಾಡಿಕೊಂಡು ಕೂತಿದ್ದೆ. ಯಾರೂ ಏನೂ ಕೇಳಲಿಲ್ಲ. ಆ ದೇಶದ ಆ ಒಂದು ಗುಣ ಅವತ್ತು ನನಗೆ ಉಪಕಾರವಾಯಿತು.

ಮರಳಿ ಮಾಲವಾಡಾ

ಲೋಂಡಾದಲ್ಲಿ ರೈಲು ಇಳಿದಾಗ ಮುಂಗಾರು ಹೊಡೆಯುತ್ತಿತ್ತು. ಅಣೆಕಟ್ಟಿನ ಹಿಂದೆ ಆಗಲೇ ನೀರು ನಿಲ್ಲತೊಡಗಿದೆ, ಮಾಲವಾಡಾದಲ್ಲಿ ಈಗ ಯಾರೂ ಇಲ್ಲ, ನಿಮ್ಮ ಮಾವನೊಬ್ಬರೇ ಎಂದು ದಾರಿಯಲ್ಲಿ ಸಿಕ್ಕವರು ಹೇಳಿದರು. ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿ ಪೆಟ್ಟಿಗೆ ಎಸೆದು ನೇರ ಊರಿಗೆ ಹೋದೆ.

ಗುಡಿ ಇರಲಿಲ್ಲ. ಗೋಡೆ, ಕಂಬ, ಹೆಂಚು ಒಂದೂ ಇರಲಿಲ್ಲ. ಜಗಲಿಯ ಕಲ್ಲನ್ನೂ ಕಿತ್ತು ಒಯ್ದಿದ್ದರು. ಬಟಾಬಯಲಿನಲ್ಲಿ ಹುತ್ತ ನಿಂತಿತ್ತು, ಅದರ ಮೇಲೆ ಛತ್ರಿ ಹಿಡಿದು ಮಾಮಾ ನಿಂತಿದ್ದರು. ಅವರು ಪೂರ್ತಿ ತೊಯ್ದಿದ್ದರು. ಛತ್ರಿ ಇದ್ದದ್ದು ಹುತ್ತಕ್ಕೆ ಮಾತ್ರ. ಆದರೂ ಒಂದು ಬದಿ ಕರಗಿ ಕೆಂಪು ನೀರು ಹರಿಯುತ್ತಿತ್ತು.

ನಾನು ಸಿಟ್ಟಿಗೆದ್ದೆ. "ಯಾರ ಬುದ್ಧಿ ಮಾಮಾ ಇದು? ಮಳೀಗಾಲದ ಹೊಸ್ತಲದಾಗ ಮ್ಯಾಲಿನ ಹೆಂಚ ತಗೀತಾರೇನು? ನಾ ಬರೂ ತನಕ ತಡೀಲಿಕ್ಕೆ ಆಗಲಿಲ್ಲೇನು?"

"ಮನೀ ಒಯ್ರಿ ಅಂತ ಆಕೀನ ಹೇಳಿದ್ಲಲ್ಲೋ. ಲಾರಿ ಬಂತು. ಹೇಳಿದ್ದ ಮಾಡಿದ್ವಿ." ಮಾಮಾನ ದನಿಯಲ್ಲಿ ಬೇಸರವೂ ಇರಲಿಲ್ಲ. "ಆಮ್ಯಾಲ ತಿಳೀತು. ಮನೀ ಇಲ್ದ ಆಕೀ ಮಾತ ಕೇಳಾಕ ಬರಂಗಿಲ್ಲ. ನೋಡ ಬೇಕಾರ."

ಅವರು ಛತ್ರಿಯನ್ನು ನನ್ನ ಕೈಗೆ ಕೊಟ್ಟು, ಟೊಂಕದಿಂದ ಹೂವಿನ ಎಸಳು ತೆಗೆದು ಹಿತ್ತಾಳೆಯ ಮುಖದ ಎರಡೂ ಬದಿಗೆ ಅಂಟಿಸಿದರು. ಪ್ರಶ್ನೆ ಹೇಳಲು ಬಾಯಿ ತೆರೆಯುವುದರೊಳಗೆ ಗಾಳಿಮಳೆ ಎರಚಿ ಎರಡನ್ನೂ ಒಟ್ಟಿಗೆ ತೊಳೆದುಕೊಂಡು ಹೋಯಿತು. ಎಷ್ಟು ದಿನದಿಂದ ಹೀಗೆ ಅಂಟಿಸುತ್ತಿದ್ದರೋ, ಅವರ ಕಾಲ ಬುಡದಲ್ಲಿ ಎಸಳುಗಳು ಕೊಳೆಯುತ್ತಿದ್ದವು. ಸಂಘದ ಬೇರೆಯವರೆಲ್ಲ ಕಾಲೊನಿಯಲ್ಲಿ ಗೋಡೆ ಎಬ್ಬಿಸುವುದರಲ್ಲಿದ್ದರು. ಅಂಥ ಗುಡಿಯನ್ನು ಇಷ್ಟು ಜೋಪಾನವಾಗಿ ಒಯ್ದವರಿಗೆ ಕೌಲಿಗೆ ಒಂದು ಸೂರು ಬೇಕೆಂಬುದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಮಾಮಾ ಛತ್ರಿಯನ್ನು ಮರಳಿ ಇಸಿದುಕೊಂಡರು. "ಹೇಳು. ಅವರ ದೇವ್ರ ಬಂದ್ನಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಎಡಿತ್‌ಬಾಯಿ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಮೇಲೆ ಇಲ್ಲದ್ದು, ಕೆಳಗೂ ಇಲ್ಲದ್ದು.

"ಆ ಮುದುಕಿ ಇನ್ನೂ ಕಸಾ ಹೊಡೀತಾಳೇನು?"

"ಹೊಡೀತಾಳ."

"ಯಾರ ಸಲುವಾಗಿ?"

ಮಾಮಾ ಕೆಳಗಿನ ಗದ್ದೆಗಳ ಕಡೆ ತಿರುಗಿದರು. ಅಲ್ಲಿ ಬದುಗಳ ಮೇಲೆ ನೀರು ಏರಿತ್ತು. ಅದು ಮಳೆಯ ನೀರಲ್ಲ, ಅಣೆಕಟ್ಟಿನಿಂದ ಹಿಂದಕ್ಕೆ ಒತ್ತಿ ಬಂದ ನೀರು.

"ಮುಳುಗೂದಕ್ಕಿಂತ ಕರಗೂದ ಚಲೋ ದೇವೂ. ಮ್ಯಾಲಿಂದ ಬರೂ ನೀರ ಆಕೀದು. ಕೆಳಗಿಂದ ಬರೂದು ನಿಮ್ಮದು."

ಹಿತ್ತಾಳೆಯ ಮುಖವನ್ನು ಬಿಚ್ಚಿ ಪಂಚೆಯಲ್ಲಿ ಸುತ್ತಿಕೊಂಡರು. ಹುತ್ತಕ್ಕೆ ಹಣೆ ಹಚ್ಚಿದರು. ಆಮೇಲೆ ಛತ್ರಿ ಮಡಚಿದರು. ನಾನು ತಡೆಯಲು ಕೈ ಚಾಚಿದ್ದು ನೆನಪಿದೆ. ಅವರು ನನ್ನ ಕೈ ಹಿಡಿದು, ಅದನ್ನು ಬಿಡದೆ, ಹುತ್ತ ಕುಸಿಯುವ ತನಕ ಅಲ್ಲೇ ನಿಲ್ಲಿಸಿಕೊಂಡರು. ನಾನು ಅತ್ತೆ. ಅವರು ಅಳಲಿಲ್ಲ.

ಗುಡಿ ಈಗ ಹೊಸ ಕಾಲೊನಿಯಲ್ಲಿ ಇದ್ದ ಹಾಗೇ ನಿಂತಿದೆ. ಕಲ್ಲಿಗೆ ಕಲ್ಲು ಸರಿಯಾಗಿ ಕೂತಿದೆ. ಪಕ್ಕದ ಕೋಣೆಯಲ್ಲಿ ವೀರಗಲ್ಲುಗಳಿವೆ. ನೋಡಲು ಬಂದವರಿಗೆ ಮಾಮಾ ಬಾಗಿಲು ತೆಗೆದು, ಉಪ್ಪಿನ ಎತ್ತುಗಳ ಕಥೆ, ಊರಿನ ಕಥೆ ಎಲ್ಲ ಹೇಳುತ್ತಾರೆ. ಬೇಸರಪಡುವುದಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಆದರೆ ಯಾರಾದರೂ ಗರ್ಭಗುಡಿಯ ಮುಂದೆ ನಿಂತು ಕೈ ಜೋಡಿಸಲು ಹೋದರೆ ತಡೆಯುತ್ತಾರೆ.

"ಕೈ ಮುಗೀಬ್ಯಾಡ್ರಿ," ಎನ್ನುತ್ತಾರೆ. "ಒಳಗ ಯಾರೂ ಇಲ್ಲ."